ವೆಂಟಿಲೇಟರ್ ತೆಗೆಯಲು ಒಪ್ಪುವುದು ಅವಿಶ್ವಾಸವೇ?

  

ಯೂಥ್ ಮೀಟಿಂಗ್‌ನ ಪ್ರಶ್ನೆ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಬರೋದು ಮದುವೆ ಪ್ರಶ್ನೆ, ಕೆಲಸದ ಪ್ರಶ್ನೆ, ಟ್ಯಾಟೂ ಹಾಕಿಸಬಹುದಾ ಅನ್ನೋ ಪ್ರಶ್ನೆ. ಈ ತಿಂಗಳು ಹೆಸರಿಲ್ಲದ ಒಂದು ಚೀಟಿ ಬಂತು. ಅಪ್ಪ ವೆಂಟಿಲೇಟರ್ ಮೇಲಿದ್ದರು, ತೆಗೆಯುವುದಕ್ಕೆ ಸಹಿ ಹಾಕಿದ್ದು ನಾನು. ಆಮೇಲೆ ಪ್ರಾರ್ಥನೆಗೆ ಬಂದ ಒಬ್ಬರು, ಇನ್ನು ಮೂರು ದಿನ ವಿಶ್ವಾಸದಿಂದ ಕಾದಿದ್ದರೆ ದೇವರು ಎಬ್ಬಿಸುತ್ತಿದ್ದರು ಅಂದರು. ಪಾಸ್ಟರ್, ನಾನು ಅಪ್ಪನನ್ನು ಕೊಂದೆನಾ? ಚೀಟಿಯಲ್ಲಿ ಇಷ್ಟೇ ಇತ್ತು.

ಉತ್ತರ ಈಗಲೇ ಹೇಳಿಬಿಡ್ತೀನಿ, ಇಡೀ ಪ್ರಸಂಗ ಮುಗಿಯುವ ತನಕ ನಿನ್ನನ್ನು ಕಾಯಿಸುವುದಿಲ್ಲ. ಇಲ್ಲ, ನೀನು ಕೊಲ್ಲಲಿಲ್ಲ. ಆದರೆ ಯಾಕೆ ಇಲ್ಲ ಅನ್ನೋದನ್ನು ವಾಕ್ಯದಿಂದ ತೋರಿಸದಿದ್ದರೆ ಅದು ಬರೀ ಸಮಾಧಾನದ ಮಾತಾಗುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಸಮಾಧಾನದ ಮಾತು ಕೈಗೆ ಸಿಗುವುದಿಲ್ಲ.

ಮೊದಲು ಆ ಯಂತ್ರದ ಬಗ್ಗೆ ಸ್ವಲ್ಪ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತು ಮಕ್ಕಳು, ಯೌವನಸ್ಥರು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು 12 ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಒತ್ತಿ ಗಾಳಿ ಕೊಟ್ಟರು. ಆಕೆ ಬದುಕಿದಳು. ಆಮೇಲೆ ನೂರಾರು ಮೆಡಿಕಲ್ ವಿದ್ಯಾರ್ಥಿಗಳು, ನಿಮ್ಮದೇ ವಯಸ್ಸಿನವರು, ಪಾಳಿ ಹಾಕಿಕೊಂಡು ಹಗಲು ರಾತ್ರಿ ವಾರಗಟ್ಟಲೆ ಆ ಚೀಲಗಳನ್ನು ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಆ ಕಥೆ ಓದಿದಾಗ ನನಗೆ ದೇವರಿಗೆ ಸ್ತೋತ್ರ ಹೇಳೋಣ ಅನ್ನಿಸುತ್ತೆ. ವೆಂಟಿಲೇಟರ್ ಸೈತಾನನ ಯಂತ್ರ ಅಲ್ಲ. ಕೋವಿಡ್‌ನಲ್ಲಿ ಅದರಿಂದ ಎದ್ದು ಬಂದವರು ನಮ್ಮ ಸಭೆಯಲ್ಲೇ ಕೂತಿದ್ದಾರೆ.

ಆದರೆ ಆ ವಿದ್ಯಾರ್ಥಿಗಳು ಚೀಲ ಒತ್ತಿದ್ದು ಯಾಕೆ? ಸ್ನಾಯುಗಳಿಗೆ ಮತ್ತೆ ಬಲ ಬರಬಹುದು, ಅಲ್ಲಿಯ ತನಕ ದಾಟಿಸಬೇಕು ಅಂತ. ಅದು ಸೇತುವೆ. ಆಚೆ ದಡ ಇದೆ ಅನ್ನೋ ನಂಬಿಕೆಯ ಮೇಲೆ ಕಟ್ಟಿದ್ದು. ಆಚೆ ದಡವೇ ಇಲ್ಲದಾಗ ಒಬ್ಬ ಮನುಷ್ಯನನ್ನು ಸೇತುವೆಯ ಮಧ್ಯೆ ಎಷ್ಟು ದಿನ ನಿಲ್ಲಿಸಬೇಕು? ಇದು 1952ಕ್ಕೆ ಮುಂಚೆ ಯಾರಿಗೂ ಬಾರದ ಪ್ರಶ್ನೆ. ಐದೇ ವರ್ಷಕ್ಕೆ, 1957ರ ನವೆಂಬರ್‌ನಲ್ಲಿ, ಅರಿವಳಿಕೆ ವೈದ್ಯರು ಇದೇ ಪ್ರಶ್ನೆಯನ್ನು ಪೋಪ್ ಹನ್ನೆರಡನೇ ಪಿಯುಸ್ ಮುಂದೆ ಇಟ್ಟರು. ಸಾಮಾನ್ಯ ಚಿಕಿತ್ಸೆ ಕೊಡುವುದು ಕರ್ತವ್ಯ, ಆದರೆ ಎಲ್ಲೆ ಮೀರಿದ ಭಾರ ಹೊರಿಸುವ ಚಿಕಿತ್ಸೆಯನ್ನು ಎಲ್ಲರೂ ಒಪ್ಪಲೇಬೇಕೆಂಬ ಕಡ್ಡಾಯ ಇಲ್ಲ ಅನ್ನೋ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ನಮ್ಮ ಪೆಂತೆಕೊಸ್ತಿನವರ ಪುಲ್ಪಿಟ್‌ನಲ್ಲಿ ಪೋಪ್ ಹೆಸರು ಬಂತು ಅಂತ ಕೆಲವರು ಹುಬ್ಬು ಏರಿಸ್ತಿದ್ದೀರಿ, ಕಾಣ್ತಾ ಇದೆ. ಪರವಾಗಿಲ್ಲ. ಈಗ ಸತ್ಯವೇದಕ್ಕೆ ಬರೋಣ.

2 ಅರಸುಗಳು 13ನೇ ಅಧ್ಯಾಯ ತೆಗೆಯಿರಿ. 14ನೇ ವಚನವನ್ನು ನೀವೇ ಮನಸ್ಸಿನಲ್ಲಿ ಓದಿಕೊಳ್ಳಿ.

ಯಾರ ಬಗ್ಗೆ ಇದು? ಎಲೀಷನ ಬಗ್ಗೆ. ಎಲೀಯನ ಆತ್ಮದಲ್ಲಿ ಎರಡು ಪಾಲು ಕೇಳಿ ಪಡೆದವನು. ಶೂನೇಮಿನ ಸ್ತ್ರೀಯ ಸತ್ತ ಮಗನ ಮೇಲೆ ಬೋರಲು ಮಲಗಿ, ಬಾಯಿಗೆ ಬಾಯಿ ಇಟ್ಟು, ಆ ಹುಡುಗನನ್ನು ಎಬ್ಬಿಸಿದವನು. ನಾಮಾನನ ಕುಷ್ಠ ಹೋಯಿತು, ವಿಷವಾಗಿದ್ದ ಅಡುಗೆ ಸರಿಯಾಯಿತು, ನೀರಲ್ಲಿ ಬಿದ್ದ ಕೊಡಲಿ ತೇಲಿತು. ಅಭಿಷೇಕ ಅಂದರೆ ಅದು. ಅವನಿಗೆ ಏನಾಯಿತು? ಕಾಯಿಲೆ ಬಂತು. ಆ ಕಾಯಿಲೆಯಲ್ಲೇ ತೀರಿಹೋದ. ಅರಸನಾದ ಯೋವಾಷನು ಬಂದು ಅವನ ಮುಂದೆ ಅತ್ತ. ಯಾರೂ ಎಲೀಷನಿಗೆ, ನಿನ್ನ ವಿಶ್ವಾಸ ಕಡಿಮೆಯಾಯಿತು ಅನ್ನಲಿಲ್ಲ. ಅರಸನಿಗೂ, ಅಳಬೇಡ, ಅಳುವುದು ಅವಿಶ್ವಾಸ ಅನ್ನಲಿಲ್ಲ.

ಈಗ ಕೆಳಗೆ 20, 21ನೇ ವಚನ. ಎಲೀಷನನ್ನು ಸಮಾಧಿ ಮಾಡಿದ್ದಾರೆ. ಬೇರೆ ಯಾರದ್ದೋ ಹೆಣ ಹೂಳಲು ಜನ ಬಂದಿದ್ದಾರೆ, ಮೋವಾಬ್ಯರ ಗುಂಪು ಕಂಡು ಗಾಬರಿಯಿಂದ ಹೆಣವನ್ನು ಎಲೀಷನ ಸಮಾಧಿಗೇ ಎಸೆದುಬಿಟ್ಟರು. ಎಲುಬಿಗೆ ತಗಲಿದ್ದೇ ತಡ, ಸತ್ತವನು ಎದ್ದು ನಿಂತ! ಅಂದರೆ ಎಲೀಷನ ಎಲುಬಿನಲ್ಲೂ ಶಕ್ತಿ ಇತ್ತು. ಆ ಶಕ್ತಿ ಎಲೀಷನನ್ನೇ ಆ ಕಾಯಿಲೆಯಿಂದ ಎಬ್ಬಿಸಲಿಲ್ಲ. ಶಕ್ತಿ ಕಡಿಮೆ ಆಗಿದ್ದಲ್ಲ, ಕರ್ತನು ಆ ಸೇವಕನನ್ನು ಕರೆದುಕೊಳ್ಳುವ ಸಮಯ ಬಂದಿತ್ತು. ನಾವು ನಾಲ್ಕನೇ ಅಧ್ಯಾಯದ ಮೇಲೆ ನೂರು ಪ್ರಸಂಗ ಕೇಳಿದ್ದೀವಿ. ಹದಿಮೂರನೇ ಅಧ್ಯಾಯದ ಮೇಲೆ ಎಷ್ಟು ಕೇಳಿದ್ದೀವಿ?

ಹಾಗಾದರೆ ಪಾಸ್ಟರ್, ಸ್ವಸ್ಥತೆಗಾಗಿ ಪ್ರಾರ್ಥಿಸುವುದು ಬೇಡವಾ ಅಂತ ಕೇಳ್ತೀರಿ. ಮಾಡಿ, ಉಪವಾಸ ಇದ್ದು ಮಾಡಿ. ಹಿಜ್ಕೀಯನು ಗೋಡೆಯ ಕಡೆ ತಿರುಗಿ ಅತ್ತಾಗ ದೇವರು ಹದಿನೈದು ವರ್ಷ ಕೊಟ್ಟರು, ಹುಣ್ಣಿಗೆ ಅಂಜೂರದ ಪಟ್ಟಿಯನ್ನೂ ಹಾಕಿಸಿದರು. ಪ್ರಾರ್ಥನೆಯೂ ಔಷಧಿಯೂ ಒಂದೇ ಅಧ್ಯಾಯದಲ್ಲಿ. ನನ್ನ ತಕರಾರು ಪ್ರಾರ್ಥನೆಯ ಮೇಲಲ್ಲ. ವೆಂಟಿಲೇಟರ್ ಇದ್ದರೆ ಅದ್ಭುತಕ್ಕೆ ಬಾಗಿಲು ತೆರೆದಿದೆ, ತೆಗೆದರೆ ಬಾಗಿಲು ಮುಚ್ಚಿತು ಅನ್ನೋ ಲೆಕ್ಕದ ಮೇಲೆ. ಸ್ವಲ್ಪ ಯೋಚನೆ ಮಾಡಿ. ಲಾಜರನು ಸಮಾಧಿಯಲ್ಲಿ ನಾಲ್ಕು ದಿನ ಇದ್ದ. ಅವನಿಗೆ ಯಾವ ಪ್ಲಗ್ ಇತ್ತು? ದೇವರಿಗೆ ಎಬ್ಬಿಸುವ ಚಿತ್ತವಿದ್ದರೆ ಬೆಸ್ಕಾಂ ಕರೆಂಟ್ ಬೇಕಾಗಿಲ್ಲ. ಯಂತ್ರ ತೆಗೆದರೆ ದೇವರ ಕೈ ಕಟ್ಟಿಹೋಗುತ್ತದೆ ಅನ್ನುವವರು ವಿಶ್ವಾಸವನ್ನು ಹೆಚ್ಚಿಸುತ್ತಿಲ್ಲ, ಯಂತ್ರದ ಮೇಲೆ ವಿಶ್ವಾಸ ಇಡಿಸುತ್ತಿದ್ದಾರೆ.

ಯಂತ್ರ ಇಡಬೇಕಾ ತೆಗೆಯಬೇಕಾ ಅನ್ನುವಾಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಚಿಕಿತ್ಸೆ ಈ ಮನುಷ್ಯನಿಗೆ ಏನು ಮಾಡುತ್ತಿದೆ? ಗುಣ ಮಾಡುತ್ತಿದೆಯಾ, ಅಥವಾ ಸಾವನ್ನು ಎಳೆಯುತ್ತಿದೆಯಾ? ಐಸಿಯು ಒಳಗೆ ಹೋಗಿ ನಿಂತವರಿಗೆ ಗೊತ್ತು. ಗಂಟಲಲ್ಲಿ ಕೊಳವೆ ಇರುವುದರಿಂದ ಮಾತಾಡಲು ಆಗುವುದಿಲ್ಲ. ಕಿತ್ತುಕೊಳ್ಳಬಾರದು ಅಂತ ಕೆಲವೊಮ್ಮೆ ಕೈ ಕಟ್ಟಿರುತ್ತಾರೆ. ಕಫ ತೆಗೆಯಲು ಆಗಾಗ ಒಳಗೆ ಇನ್ನೊಂದು ನಳಿಕೆ ಹಾಕಿ ಎಳೆಯುತ್ತಾರೆ. ಬಿಪಿ ಏರಿಸುವ ಔಷಧಿ ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಬೆರಳ ತುದಿ ಕಪ್ಪಾಗಬಹುದು. ಗುಣವಾಗುವ ದಾರಿಯಲ್ಲಿ ಇದನ್ನೆಲ್ಲ ಸಹಿಸಬಹುದು, ಸಹಿಸಲೇಬೇಕು. ಆದರೆ ಕಿಡ್ನಿ, ಲಿವರ್, ಶ್ವಾಸಕೋಶ ಒಂದೊಂದಾಗಿ ನಿಂತುಹೋದ ಮೇಲೆ, ನಮಗೆ ಅಪ್ಪನನ್ನು ಬಿಡಲು ಮನಸ್ಸಿಲ್ಲ ಅನ್ನೋ ಕಾರಣಕ್ಕೆ ಆ ದೇಹ ಅದನ್ನೆಲ್ಲ ಸಹಿಸಬೇಕಾ?

ಪ್ರೀತಿ ಅಂದುಕೊಂಡು ನಾವು ಮಾಡುವುದರಲ್ಲಿ ನಮ್ಮ ಭಯ ಎಷ್ಟಿದೆ ಅಂತ ನೋಡಿಕೊಳ್ಳಬೇಕು. ನ್ಯೂಜೆರ್ಸಿಯಿಂದ ಮಗ ವಿಮಾನ ಹತ್ತಿದ್ದಾನೆ, ಎರಡು ದಿನ ಇಡಿ ಅಂದರೆ, ಇಡಿ. ಅಪ್ಪನಿಗೆ ಕೇಳಿದ್ದರೆ ಅವರೂ ಇಡಿ ಅನ್ನುತ್ತಿದ್ದರು. ಎರಡು ತಿಂಗಳು ಇಡಿ, ನನಗೆ ಗಿಲ್ಟ್ ಆಗುತ್ತೆ ಅನ್ನೋದು ಬೇರೆ. ಅಲ್ಲಿ ಹಾಸಿಗೆಯ ಮೇಲೆ ಇರುವವರಿಗಿಂತ ಹಾಸಿಗೆ ಪಕ್ಕ ನಿಂತವರಿಗೇ ಚಿಕಿತ್ಸೆ ನಡೆಯುತ್ತಿದೆ.

ಇಲ್ಲಿ ಇನ್ನೊಂದು ಕಡೆಗೆ ಜಾರಬಾರದು. 2 ಸಮುವೇಲ 1ನೇ ಅಧ್ಯಾಯದಲ್ಲಿ ಒಬ್ಬ ಅಮಾಲೇಕ್ಯನು ದಾವೀದನ ಹತ್ತಿರ ಓಡಿ ಬರುತ್ತಾನೆ. ಗಿಲ್ಬೋವ ಬೆಟ್ಟದಲ್ಲಿ ಸೌಲನು ಸಾಯುವ ಸ್ಥಿತಿಯಲ್ಲಿದ್ದ, ತಾನೇ ಕೇಳಿಕೊಂಡ, ಆದ್ದರಿಂದ ಕೊಂದೆ ಅಂತ ಹೇಳುತ್ತಾನೆ. ಅವನೇ ಕೇಳಿದ್ದು, ಹೇಗೂ ಬದುಕುತ್ತಿರಲಿಲ್ಲ, ಅನ್ನೋ ವಾದ ದಾವೀದನ ಮುಂದೆ ನಿಲ್ಲಲಿಲ್ಲ. ಕೊಲ್ಲುವುದು ಕೊಲ್ಲುವುದೇ. ನಮ್ಮ ದೇಶದ ಕಾನೂನಿನಲ್ಲೂ ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧ. ನಾನು ಹೇಳುತ್ತಿರುವುದು ಅದಲ್ಲ. ಕಾಯಿಲೆ ತನ್ನ ದಾರಿ ಹಿಡಿದಿದೆ, ಚಿಕಿತ್ಸೆ ಅದನ್ನು ತಿರುಗಿಸಲಾರದು, ಹಾಗಿರುವಾಗ ಅಡ್ಡ ನಿಂತ ನಮ್ಮ ಕೈ ತೆಗೆಯುವುದು. ಕೊಳವೆ ತೆಗೆದ ಮೇಲೆ ಸಾಯಿಸುವುದು ಕಾಯಿಲೆಯೇ. ಕೆಲವರು ನಿಮಿಷಗಳಲ್ಲಿ ಹೋಗುತ್ತಾರೆ, ಕೆಲವರು ದಿನಗಟ್ಟಲೆ ಉಸಿರಾಡುತ್ತಾರೆ. ಆ ಹೊತ್ತು ಉಬ್ಬಸ ಆಗದಂತೆ ಮಾರ್ಫಿನ್ ಕೊಡುತ್ತಾರೆ. ಮಾರ್ಫಿನ್ ಅಂದ ಕೂಡಲೇ ಹೆದರಬೇಡಿ, ಅದು ಸಂಕಟ ಕಡಿಮೆ ಮಾಡುವುದಕ್ಕೆ.

ಎಲ್ಲ ಕೇಸ್ ಒಂದೇ ಅಲ್ಲ ಅನ್ನೋದೂ ಗೊತ್ತಿರಲಿ. ನಟ ಸಂಚಾರಿ ವಿಜಯ್ ನೆನಪಿದ್ದಾರಲ್ವಾ? 2021ರ ಜೂನ್‌ನಲ್ಲಿ ಬೈಕ್ ಅಪಘಾತ, ತಲೆಗೆ ಪೆಟ್ಟು, ಮೆದುಳು ನಿಷ್ಕ್ರಿಯ ಅಂತ ವೈದ್ಯರು ಹೇಳಿದರು, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಆ ಸ್ಥಿತಿಯಲ್ಲಿ ಎದೆ ಏರಿಳಿಯುತ್ತಿರುತ್ತದೆ, ಮೈ ಬಿಸಿಯಾಗಿರುತ್ತದೆ, ಮಾನಿಟರ್‌ನಲ್ಲಿ ಹೃದಯ ಬಡಿಯುತ್ತಿರುತ್ತದೆ. ಆದರೂ ಮೆದುಳಿನ ಕಾಂಡ ಸತ್ತಿದ್ದರೆ ಅದು ಸಾವೇ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ಜನ ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿಯೇ ಅದನ್ನು ಹೇಳುತ್ತಾರೆ. ಅಲ್ಲಿ ತೆಗೆಯಬೇಕಾ ಅನ್ನೋದು ಜೀವದ ಪ್ರಶ್ನೆಯೇ ಅಲ್ಲ, ಆ ಜೀವ ಆಗಲೇ ಹೋಗಿದೆ.

ಇದರ ಪೂರ್ತಿ ಎದುರು ದಿಕ್ಕಿನಲ್ಲಿ ಅರುಣಾ ಶಾನಭಾಗ್ ಇದ್ದಾರೆ. ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ನಾಯಿ ಚೈನ್‌ನಿಂದ ಕುತ್ತಿಗೆ ಬಿಗಿದು ದೌರ್ಜನ್ಯ ಮಾಡಿದ. ಮೆದುಳಿಗೆ ರಕ್ತ ನಿಂತುಹೋಯಿತು. ಅಲ್ಲಿಂದ 2015ರ ಮೇ 18ರವರೆಗೆ, 41 ವರ್ಷಕ್ಕೂ ಹೆಚ್ಚು, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕು ಅಂತ ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟ್‌ಗೆ ಹೋದರು. ಅವರಿಗೂ ಅರುಣಾ ಮೇಲೆ ಪ್ರೀತಿ ಇತ್ತು, ಆಕೆಯ ಬಗ್ಗೆ ಪುಸ್ತಕ ಬರೆದವರು. ಆದರೆ ವರ್ಷಗಟ್ಟಲೆ ಆಕೆಯ ಮೈ ತೊಳೆದು, ಉಣಿಸಿ, ಮಗ್ಗುಲು ಬದಲಿಸಿದ ನರ್ಸ್‌ಗಳು, ನಮಗೆ ಇವಳು ಭಾರ ಅಲ್ಲ, ನಾವು ನೋಡಿಕೊಳ್ತೀವಿ ಅಂದರು. 2011ರ ಮಾರ್ಚ್ 7ರಂದು ಕೋರ್ಟ್ ನರ್ಸ್‌ಗಳ ಮಾತನ್ನೇ ಎತ್ತಿ ಹಿಡಿಯಿತು. ಆಗ ಅರುಣಾ ವೆಂಟಿಲೇಟರ್ ಮೇಲೆ ಇರಲಿಲ್ಲ, ತಾನೇ ಉಸಿರಾಡುತ್ತಿದ್ದರು. ಆಕೆ ಸಾಯುತ್ತಿರಲಿಲ್ಲ.

ಈ ತೀರ್ಪಿನಲ್ಲಿ ನನಗೆ ತಟ್ಟಿದ್ದು, ಕಾನೂನಿನ ಭಾಷೆಗಿಂತ, ಯಾರ ಮಾತಿಗೆ ತೂಕ ಸಿಕ್ಕಿತು ಅನ್ನೋದು. ಮೈ ತೊಳೆದ ಕೈಗೆ ಸಿಕ್ಕಿತು. ನಮ್ಮ ಮನೆಗಳಲ್ಲಿ ತಿರುಗುಮುರುಗು. ಆರು ತಿಂಗಳು ಡಯಾಪರ್ ಬದಲಿಸಿದ ಸೊಸೆಯನ್ನು ಯಾರೂ ಕೇಳುವುದಿಲ್ಲ, ಕಾರಿಡಾರ್‌ಗೆ ಒಂದು ಸಲ ಬಂದುಹೋದ ಚಿಕ್ಕಪ್ಪ ತೀರ್ಮಾನ ಹೇಳುತ್ತಾರೆ.

ಅದೇ ತೀರ್ಪಿನಿಂದ ದಾರಿ ಮುಂದೆ ಹೋಯಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಅಂದಿತು. 2023ರ ಜನವರಿಯಲ್ಲಿ ನಿಯಮ ಸರಳ ಮಾಡಿತು. ಈಗ ಆಸ್ಪತ್ರೆಯ ಒಂದು ವೈದ್ಯರ ಮಂಡಳಿ ನೋಡಬೇಕು, ಎರಡನೇ ಮಂಡಳಿ ಮತ್ತೆ ನೋಡಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ಇದಕ್ಕಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಾನುಗಟ್ಟಲೆ ಹೋರಾಡಿದ್ದರು. ನಿಮಗೆ ಇದನ್ನು ಹೇಳುವುದು ಯಾಕೆ ಅಂದರೆ, ಚೀಟಿ ಬರೆದವರೇ, ಮೊದಲು ವೈದ್ಯರು ಆ ಕಾಯಿಲೆಯನ್ನು ನೋಡಿ ಇನ್ನು ತಿರುಗದು ಅಂದಿದ್ದಾರೆ, ಆಮೇಲೆ ನಿನ್ನ ಮುಂದೆ ಕಾಗದ ಬಂದಿದೆ. ಅದರ ಮೇಲೆ ನಿನ್ನ ಹೆಸರು ಇದೆ ಅಂದ ಮಾತ್ರಕ್ಕೆ ಸಾವಿಗೆ ಕಾರಣ ನೀನಾಗುವುದಿಲ್ಲ.

ಡಾಕ್ಟರ್‌ಗಳು ತಪ್ಪಬಹುದಲ್ಲ? ತಪ್ಪಬಹುದು. ಅದಕ್ಕೇ ಮೊದಲ ದಿನವೇ ತೀರ್ಮಾನ ಮಾಡಬೇಡಿ. ಒಂದು ಅವಧಿ ಕೇಳಿ. ಐದು ದಿನ, ಏಳು ದಿನ ಪೂರ್ತಿ ಪ್ರಯತ್ನ ಮಾಡೋಣ, ಏನು ಸುಧಾರಿಸಿದರೆ ಮುಂದುವರಿಸೋದು, ಏನೂ ಸುಧಾರಿಸದಿದ್ದರೆ ಏನು ಮಾಡೋದು ಅಂತ ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯ ಐಸಿಯು ವೈದ್ಯರು ಹೀಗೇ ಮಾಡುತ್ತಾರೆ. ಆ ಏಳು ದಿನ ನಾವು ಉಪವಾಸ ಪ್ರಾರ್ಥನೆ ಮಾಡೋಣ. ದಾವೀದನೂ ಏಳು ದಿನವೇ ಮಾಡಿದ್ದು, 2 ಸಮುವೇಲ 12. ಮಗುವಿಗೆ ಉಸಿರಿದ್ದಷ್ಟು ದಿನ ನೆಲದ ಮೇಲೆ ಬಿದ್ದು ಅತ್ತ, ಊಟ ಮಾಡಲಿಲ್ಲ. ಮಗು ತೀರಿಹೋಯಿತು ಅಂತ ಹೇಳಲು ಸೇವಕರಿಗೇ ಭಯ. ಅವನು ಎದ್ದ, ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ಮೊದಲು ಕರ್ತನ ಆಲಯಕ್ಕೆ ಹೋಗಿ ಅಡ್ಡಬಿದ್ದ, ಆಮೇಲೆ ಮನೆಗೆ ಬಂದು ಊಟ ಕೇಳಿದ. ಅವನ ಪ್ರಾರ್ಥನೆಗೆ ಉತ್ತರ ಇಲ್ಲ ಅಂತ ಬಂತು. ಅವನ ಆರಾಧನೆ ನಿಲ್ಲಲಿಲ್ಲ.

ಈಗ ಒಂದು ಕಟುವಾದ ಮಾತು, ಬೇಜಾರು ಮಾಡಿಕೊಂಡರೂ ಸರಿ. ಐಸಿಯು ಕಾರಿಡಾರ್‌ಗೆ ವಾಟ್ಸಾಪ್‌ನಲ್ಲಿ ಪ್ರವಾದನೆ ಕಳಿಸಬೇಡಿ. ಕರ್ತನು ನನಗೆ ತೋರಿಸಿದ್ದಾನೆ, ಅವರು ನಡೆದು ಮನೆಗೆ ಬರ್ತಾರೆ, ಸಹಿ ಹಾಕಬೇಡಿ ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ ನೀವು ನಿದ್ದೆ ಮಾಡ್ತೀರಿ. ಅದನ್ನು ಕೇಳಿದ ಮಗಳು ಹತ್ತು ದಿನ ಆ ಮಾತಿಗೂ ಡಾಕ್ಟರ್ ಮಾತಿಗೂ ಮಧ್ಯೆ ನಿಂತು ನಲುಗುತ್ತಾಳೆ. ಪ್ರವಾದನೆಯ ವರವನ್ನು ನಾನು ನಂಬುತ್ತೇನೆ, ಈ ಸಭೆ ನಂಬುತ್ತದೆ. ಆದರೆ 1 ಕೊರಿಂಥ 14ರಲ್ಲಿ ಪೌಲನು, ಒಬ್ಬರು ನುಡಿದದ್ದನ್ನು ಉಳಿದವರು ಪರಿಶೋಧಿಸಬೇಕು ಅಂತ ಇಟ್ಟಿದ್ದಾನೆ. ನಿಮಗೆ ಏನಾದರೂ ಕಂಡರೆ ಹಿರಿಯರ ಬಳಿ ತನ್ನಿ. ಈಗಾಗಲೇ ಹೇಳಿ, ಹೇಳಿದಂತೆ ಆಗದೆ ಹೋಗಿದ್ದರೆ, ಆ ಮನೆಗೆ ಹೋಗಿ ಕ್ಷಮೆ ಕೇಳಿ. ಅವರ ವಿಶ್ವಾಸ ಸಾಲಲಿಲ್ಲ ಅಂತ ಹೇಳಿ ಜಾರಿಕೊಳ್ಳಬೇಡಿ. ಪೌಲನೇ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯವನಾಗಿ ಬಿಟ್ಟುಬಂದ, 2 ತಿಮೊಥೆಯ 4:20. ಅದಕ್ಕೆ ಕಾರಣ ಹುಡುಕಲಿಲ್ಲ, ಯಾರ ಮೇಲೂ ತಪ್ಪು ಹೊರಿಸಲಿಲ್ಲ.

ದುಡ್ಡಿನ ವಿಷಯ ಯಾರೂ ಮಾತಾಡುವುದಿಲ್ಲ, ಆದರೆ ನಿಜದಲ್ಲಿ ಎಷ್ಟೋ ಮನೆಗಳಲ್ಲಿ ವೆಂಟಿಲೇಟರ್ ನಿಲ್ಲುವುದು ಬಿಲ್ ನೋಡಿ. ಚಿನ್ನ ಹೋಯಿತು, ಸೈಟ್ ಹೋಯಿತು, ಕೊನೆಗೆ ನಮ್ಮ ಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಬರೆದುಕೊಟ್ಟು ಆಂಬ್ಯುಲೆನ್ಸ್‌ನಲ್ಲಿ ಮನೆಗೆ. ಚಿಕಿತ್ಸೆ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸುವುದು ಬೇರೆ, ಕೆಲಸ ಮಾಡುತ್ತಿದೆ ಆದರೆ ದುಡ್ಡಿಲ್ಲ ಅಂತ ನಿಲ್ಲಿಸುವುದು ಬೇರೆ. ಎರಡನೆಯದು ನಡೆದರೆ ಅದು ಆ ಕುಟುಂಬದ ಪಾಪ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಹಾಡಿದ ನಾವು ಲೆಕ್ಕ ಕೊಡಬೇಕು. ಹೊಸ ಸೌಂಡ್ ಸಿಸ್ಟಮ್ ಬಗ್ಗೆ ಮುಂದಿನ ಮೀಟಿಂಗ್‌ನಲ್ಲಿ ಚರ್ಚೆ ಇದೆ. ಆವಾಗ ಇದನ್ನೂ ನೆನಪಿಸ್ತೀನಿ.

ಹಾಗೆಯೇ, ಇನ್ನು ಚಿಕಿತ್ಸೆ ಇಲ್ಲ ಅಂದಮಾತ್ರಕ್ಕೆ ಆರೈಕೆ ಇಲ್ಲ ಅಂತ ಅಲ್ಲ. ನಮ್ಮ ಬೆಂಗಳೂರಿನಲ್ಲೇ ಕರುಣಾಶ್ರಯ 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಯೂಥ್ ಔಟಿಂಗ್‌ಗೆ ಪ್ರತಿ ಸಲ ನಂದಿ ಬೆಟ್ಟವೇ ಆಗಬೇಕಾ?

ಕೊನೆಯದಾಗಿ ಇಬ್ರಿಯ 11. ವಿಶ್ವಾಸವೀರರ ಪಟ್ಟಿ ಅಂತ ನಾವು ಕರೆಯುವ ಅಧ್ಯಾಯ. ಅಲ್ಲಿ ಯೋಸೇಫನ ಬಗ್ಗೆ ಏನು ಬರೆದಿದೆ? ಸೆರೆಮನೆ ಇಲ್ಲ, ಕನಸು ಇಲ್ಲ, ಐಗುಪ್ತದ ಅಧಿಕಾರ ಇಲ್ಲ. 22ನೇ ವಚನ ನೋಡಿ. ಸಾಯುವ ಹೊತ್ತಲ್ಲಿ ತನ್ನ ಎಲುಬುಗಳನ್ನು ಏನು ಮಾಡಬೇಕು ಅಂತ ಅಪ್ಪಣೆ ಕೊಟ್ಟನಲ್ಲ, ಅದನ್ನೇ ವಿಶ್ವಾಸ ಅಂತ ಬರೆದಿದ್ದಾರೆ. ತನ್ನ ಸಾವಿನ ಬಗ್ಗೆ ಬಾಯಿಬಿಟ್ಟು ಹೇಳಿದ್ದು ವಿಶ್ವಾಸ! ನಮ್ಮ ಮನೆಗಳಲ್ಲಿ ಅಪ್ಪ ಆ ಮಾತು ತೆಗೆದರೆ ನಾವೇ ಬಾಯಿ ಮುಚ್ಚಿಸುತ್ತೀವಿ, ಅಪಶಕುನ ಮಾತಾಡಬೇಡಿ ಅಂತ. ವಿಶ್ವಾಸಿಗಳಿಗೆ ಅಪಶಕುನ ಎಲ್ಲಿಂದ ಬಂತು?

ಈಗ ಕಾನೂನಿನ ಪ್ರಕಾರ ಯಾರು ಬೇಕಾದರೂ, ಇಪ್ಪತ್ತೈದು ವರ್ಷದವರೂ, ತಮ್ಮ ಕೊನೆಯ ಚಿಕಿತ್ಸೆ ಬಗ್ಗೆ ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ನಮ್ಮ ಪರವಾಗಿ ಯಾರು ಮಾತಾಡಬೇಕು ಅನ್ನೋ ಹೆಸರುಗಳು. ಅಷ್ಟು ಬೇಡವಾದರೆ ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅಮ್ಮನನ್ನು ಕೇಳಿ, ನಿಮಗೆ ಹಾಗೇನಾದರೂ ಆದರೆ ಏನು ಮಾಡಬೇಕು ಅಂತ. ಮೊದಲು ಬೈಯುತ್ತಾರೆ. ಆಮೇಲೆ ಹೇಳುತ್ತಾರೆ. ಅವರು ಹೇಳಿದ್ದನ್ನು ಅಣ್ಣತಮ್ಮಂದಿರೆಲ್ಲರ ಮುಂದೆ ಇನ್ನೊಂದು ಸಲ ಹೇಳಿಸಿ. ನಾಳೆ ಕಾಗದ ಮುಂದೆ ಬಂದಾಗ ನೀವು ನಿಮ್ಮ ಮನಸ್ಸನ್ನು ಕೇಳಿಕೊಳ್ಳಬೇಕಾಗಿಲ್ಲ, ಅವರ ಮಾತನ್ನು ನಡೆಸಿಕೊಟ್ಟರೆ ಸಾಕು.

ಸಂಗೀತ ತಂಡದವರು ಬನ್ನಿ, ಆದರೆ ನುಡಿಸಬೇಡಿ, ಒಂದೆರಡು ನಿಮಿಷ ಮೌನವಾಗಿರೋಣ. ಈಗ ಯಾರ ಮನೆಯವರಾದರೂ ಐಸಿಯುನಲ್ಲಿದ್ದರೆ ಮುಂದೆ ಬನ್ನಿ, ಹೆಸರು ಮಾತ್ರ ಹೇಳಿ, ಕೈಯಿಟ್ಟು ಪ್ರಾರ್ಥಿಸ್ತೀವಿ. ಸಹಿ ಹಾಕಿ ಮನೆಗೆ ಬಂದವರೂ ಬನ್ನಿ. ಚೀಟಿ ಬರೆದವರು ಬರಲೇಬೇಕು ಅಂತ ಇಲ್ಲ. ಕೂತಲ್ಲೇ ಇರು, ನಿನಗಾಗಿಯೂ ಪ್ರಾರ್ಥಿಸುತ್ತಿದ್ದೇವೆ.